ಒಂದು ವೋಟಿಗೆ ಎಷ್ಟು?

"ಒಂದು ವೋಟಿಗೆ ಎಷ್ಟು?"

ನಮ್ಮ ಕೇರಿಯಲ್ಲಿ ಈ ಮಾತಿಗೆ ಯಾರೂ ಬೆಚ್ಚಿಬೀಳುವುದಿಲ್ಲ. ಚುನಾವಣೆಯ ಹಿಂದಿನ ರಾತ್ರಿ ನಾಯಿಗಳು ಬೊಗಳುತ್ತವೆ. ಬೈಕು ಬಂದು ನಿಲ್ಲುತ್ತದೆ. ಒಬ್ಬ ಮೊಬೈಲಿನ ಬೆಳಕಲ್ಲಿ ಪಟ್ಟಿ ಓದುತ್ತಾನೆ, ಇನ್ನೊಬ್ಬ ನೋಟು ಎಣಿಸುತ್ತಾನೆ. ಮನೆಯಲ್ಲಿ ಎಷ್ಟು ತಲೆ ಅಂತ ಕೇಳಿ ಅಷ್ಟು ತಲೆಗೆ ಕೊಟ್ಟು ಹೋಗುತ್ತಾರೆ. ವರ್ಷವೆಲ್ಲಾ ನಮ್ಮನ್ನು ಲೇ, ಬಾರ್ಲಾ ಅಂತ ಕರೆಯುವ ಜನ ಆ ಒಂದು ರಾತ್ರಿ ಅಣ್ಣಾ ಅನ್ನುತ್ತಾರೆ. ನಮ್ಮಪ್ಪ ಆ ದುಡ್ಡು ಇಸ್ಕೊಂಡು ಅವ್ವನ ಕೈಗೆ ಹಾಕಿ, ಬೀಡಿ ಹಚ್ಚಿ, ಏನೂ ಆಗದವನ ಹಾಗೆ ಜಗಲಿಯ ಮೇಲೆ ಕೂರುತ್ತಿದ್ದ. ಅವನ ಮೇಲೆ ನನಗೆ ಎಂಥ ಸಿಟ್ಟಿತ್ತು ಅಂತ ಈಗ ಹೇಳಲು ನಾಚಿಕೆಯಾಗುತ್ತದೆ.

ಅದೇ ಮಾತು ಎರಡನೇ ಸಲ ನನ್ನ ಕಣ್ಣಿಗೆ ಬಿದ್ದದ್ದು ಅಮೆರಿಕದ ಅಟ್ಲಾಂಟಾ ನಗರದಲ್ಲಿ, ಕಪ್ಪು ಜನರ ಒಂದು ಸಣ್ಣ ಚರ್ಚಿನ ನೆಲಮಾಳಿಗೆಯಲ್ಲಿ, 2024ರ ಬೇಸಿಗೆಯಲ್ಲಿ. ಅಲ್ಲಿ ಯಾರೂ ನೋಟು ಎಣಿಸುತ್ತಿರಲಿಲ್ಲ. ಮೇಜಿನ ಮೇಲೆ ಒಂದು ಅರ್ಜಿ ನಮೂನೆ ಇತ್ತು. ದೊಡ್ಡ ಪ್ರತಿಷ್ಠಾನವೊಂದು ಕೊಡುವ ಅನುದಾನದ ಅರ್ಜಿ. ಅದರಲ್ಲಿ ಒಂದು ಕಾಲಂ: ನಿಮ್ಮ ಕೆಲಸದಿಂದ ಎಷ್ಟು ಮಂದಿ ಹೊಸ ಮತದಾರರು ಆಗುತ್ತಾರೆ? ತಲಾ ಒಬ್ಬರಿಗೆ ಎಷ್ಟು ವೆಚ್ಚ ಬೀಳುತ್ತದೆ?

ನಾನು ಪೆನ್ನು ಹಿಡಿದುಕೊಂಡು ಸುಮ್ಮನೆ ಕೂತೆ.

ನಾನು ಯಾರು ಅಂತ ಮೊದಲು ಹೇಳಿಬಿಡುತ್ತೇನೆ. ಕೂಲಿಯವರ ಮಗ. ನಮ್ಮ ವಂಶದಲ್ಲಿ ಡಿಗ್ರಿ ಅನ್ನುವುದನ್ನು ಮೊದಲು ಮುಟ್ಟಿದವನು. ನಾಲ್ಕು ಪದ್ಯ ಬರೆದಿದ್ದೇನೆ, ಅವು ಇಂಥ ಪತ್ರಿಕೆಗಳಲ್ಲೇ ಅಚ್ಚಾಗಿವೆ. ಹಾಸ್ಟೆಲ್ಲಿನ ಅನ್ನ, ಸರ್ಕಾರದ ವಿದ್ಯಾರ್ಥಿವೇತನ, ಇವೆರಡು ಇಲ್ಲದಿದ್ದರೆ ಇವತ್ತಿಗೂ ಯಾರದೋ ಹೊಲದಲ್ಲಿ ಅರಿಸಿನ ಕೀಳುತ್ತಿದ್ದೆ. ಅಂದರೆ ನಾನೂ ಒಂದು ಅನುದಾನವೇ. ಏಳನೇ ಕ್ಲಾಸಿನಿಂದ ನಾನು ನಮ್ಮ ಕೇರಿಯ ಅರ್ಜಿ ಬರೆಯುವವನು. ರೇಷನ್ ಕಾರ್ಡಿಗೆ, ವಿಧವಾ ವೇತನಕ್ಕೆ, ಬಗರ್‌ಹುಕುಂ ಜಮೀನಿಗೆ. ಸಮುದ್ರ ದಾಟಿ ಓದಲು ಹೋದರೂ ಈ ಕಸುಬು ನನ್ನನ್ನು ಬಿಡಲಿಲ್ಲ.

ಆ ಚರ್ಚಿಗೆ ನಾನು ಹೋದದ್ದು ದೇವರಿಗಾಗಿ ಅಲ್ಲ. ಭಾನುವಾರ ಅಲ್ಲಿ ಬಿಸಿ ಊಟ ಹಾಕುತ್ತಿದ್ದರು. ವಿದ್ಯಾರ್ಥಿವೇತನ ಎರಡು ತಿಂಗಳು ತಡವಾಗಿತ್ತು. ಊಟ ಬಡಿಸುತ್ತಿದ್ದ ಒಬ್ಬ ಎಪ್ಪತ್ತೆರಡು ವರ್ಷದ ಮುದುಕ ನನ್ನ ತಟ್ಟೆಗೆ ಎರಡನೇ ಸಲ ಅನ್ನ, ಹುರುಳಿಕಾಯಿ ಹಾಕಿ, "ನಿನಗೆ ಅರ್ಜಿ ಬರೆಯೋಕೆ ಬರ್ತದಾ ಮಗಾ?" ಅಂದ. ಚರ್ಚಿನಲ್ಲಿ ಅವನಿಗೆ ಡೀಕನ್ ಅನ್ನುತ್ತಾರೆ. ನಾನು ಮನಸ್ಸಿನಲ್ಲೇ ಡೀಕನಜ್ಜ ಅಂತ ಕರೆಯುತ್ತಿದ್ದೆ. ಅವನ ಇಂಗ್ಲಿಷು ನಮ್ಮ ಪ್ರೊಫೆಸರುಗಳ ಇಂಗ್ಲಿಷಲ್ಲ. ಪದಗಳ ಬಾಲ ಕತ್ತರಿಸಿ, ನಮ್ಮ ಕೇರಿಯವರ ಹಾಗೇ ಮಾತಾಡುವ ಇಂಗ್ಲಿಷು. ನನಗೆ ಅದೇ ಸಲೀಸಾಗಿ ಅರ್ಥವಾಗುತ್ತಿತ್ತು.

ಅವರದ್ದು ಹನ್ನೆರಡು ಜನರ ಒಂದು ಗುಂಪು. ಒಬ್ಬ ಬಸ್ಸು ಓಡಿಸುವವನು, ಒಬ್ಬ ಕ್ಷೌರದಂಗಡಿಯವನು, ಇಬ್ಬರು ಜೈಲಿನಿಂದ ಬಂದವರು, ಉಳಿದವರು ನಿವೃತ್ತರು. ಅವರ ಕೆಲಸ ಕಪ್ಪು ಗಂಡಸರನ್ನು, ಅದರಲ್ಲೂ ನಲವತ್ತರ ಕೆಳಗಿನವರನ್ನು, ಮತದಾರರ ಪಟ್ಟಿಗೆ ಸೇರಿಸುವುದು. ಪಟ್ಟಿಗೆ ಸೇರಿಸಿ ಕೈ ತೊಳೆದುಕೊಳ್ಳುವುದಲ್ಲ. ನಗರಸಭೆಯ ಸಭೆಗೆ ಕರೆದುಕೊಂಡು ಹೋಗುವುದು, ಮಕ್ಕಳ ಶಾಲೆಯ ಮಂಡಳಿಯಲ್ಲಿ ಎದ್ದು ನಿಂತು ಮಾತಾಡಿಸುವುದು. ಯಾರಿಗೆ ಓಟು ಹಾಕು ಅಂತ ಹೇಳುವ ಹಾಗಿಲ್ಲ. ತೆರಿಗೆ ವಿನಾಯಿತಿ ಪಡೆದ ಸಂಘ ಯಾವ ಅಭ್ಯರ್ಥಿಯ ಪರವೂ ಬಾಯಿ ಬಿಡಬಾರದು ಅನ್ನುವುದು ಅಲ್ಲಿನ ಕಾನೂನು.

ಗಂಡಸರಿಗೇ ಯಾಕೆ? ನಾನೂ ಕೇಳಿದೆ. ಅಲ್ಲಿ ಕಪ್ಪು ಹೆಂಗಸರು ಗಂಡಸರಿಗಿಂತ ಹೆಚ್ಚಿನ ಪ್ರಮಾಣದಲ್ಲಿ ಮತ ಹಾಕುತ್ತಾರೆ. ಇದು ಇವತ್ತು ನೆನ್ನೆಯ ಮಾತಲ್ಲ, ದಶಕಗಳಿಂದ ಹೀಗೇ. ಗಂಡಸರು ಹಿಂದೆ ಬೀಳಲು ಒಂದು ದೊಡ್ಡ ಕಾರಣ ಜೈಲು. ಜಾರ್ಜಿಯಾ ರಾಜ್ಯದಲ್ಲಿ ಗಂಭೀರ ಅಪರಾಧಕ್ಕೆ ಶಿಕ್ಷೆಯಾದವನು ಜೈಲಿನಿಂದ ಹೊರಗೆ ಬಂದರೂ, ಪ್ರೊಬೇಷನ್ ಅವಧಿ ಮುಗಿಯುವ ತನಕ ಮತ ಹಾಕುವ ಹಾಗಿಲ್ಲ. ಸೆಂಟೆನ್ಸಿಂಗ್ ಪ್ರಾಜೆಕ್ಟ್ ಅನ್ನುವ ಸಂಸ್ಥೆಯ ಅಂದಾಜಿನಂತೆ 2022ರಲ್ಲಿ ಆ ದೇಶದಲ್ಲಿ ಹೀಗೆ ಮತ ಕಳೆದುಕೊಂಡಿದ್ದವರು ನಲವತ್ತು ಲಕ್ಷಕ್ಕೂ ಹೆಚ್ಚು ಜನ. ಅದರಲ್ಲಿ ಕಪ್ಪು ಜನರ ಪಾಲು ಅವರ ಜನಸಂಖ್ಯೆಯ ಪಾಲಿಗಿಂತ ಬಹಳ ದೊಡ್ಡದು. ಅವಧಿ ಮುಗಿದ ಮೇಲೆ ಹಕ್ಕು ವಾಪಸ್ಸು ಬಂತು ಅಂತ ಎಷ್ಟೋ ಮಂದಿಗೆ ಹೇಳುವವರೇ ಇಲ್ಲ.

ಕ್ಷೌರದಂಗಡಿಯಲ್ಲಿ ಅಂಥ ಒಬ್ಬನನ್ನು ನೋಡಿದೆ. ಕುರ್ಚಿಯಲ್ಲಿ ಕೂತಿದ್ದ, ಗಲ್ಲದ ಮೇಲೆ ಸೋಪಿನ ನೊರೆ. ಡೀಕನಜ್ಜ ಚೀಟಿ ಕೊಡಲು ಹೋದರೆ ತಲೆ ಅಲ್ಲಾಡಿಸಿದ. "ಯಾಕೆ ಹಾಕ್ಬೇಕು? ಹಾಕಿ ಏನಾಯ್ತು? ನಮ್ಮಪ್ಪ ಹಾಕ್ದ, ನಮ್ಮಜ್ಜ ಅದಕ್ಕಾಗಿ ಒದೆ ತಿಂದ. ಪೊಲೀಸಿನವ್ರು ನನ್ನ ಕಾರು ನಿಲ್ಸೋದು ನಿಂತಿದ್ಯಾ?"

ನಾನು ಒಳಗೊಳಗೇ ಅವನಿಗೆ ಚಪ್ಪಾಳೆ ತಟ್ಟಿದೆ. ನಾನೂ ಅದೇ ಜಾತಿಯ ಮಾತುಗಾರ. 2023ರ ಮೇ ತಿಂಗಳಲ್ಲಿ ನಮ್ಮ ವಿಧಾನಸಭೆಗೆ ಚುನಾವಣೆ ನಡೆದಾಗ ನಾನು ಬೆಂಗಳೂರಿನ ರೂಮಿನಲ್ಲೇ ಇದ್ದೆ. ಊರಿಗೆ ಬಸ್ಸಿತ್ತು, ಚಾರ್ಜಿಗೆ ಕಾಸಿತ್ತು. ಹೋಗಲಿಲ್ಲ. ಓಟಿನಿಂದ ಏನೂ ಆಗುವುದಿಲ್ಲ, ಇದೆಲ್ಲ ಬಂಡವಾಳಶಾಹಿಗಳ ಆಟ ಅಂತ ಗೆಳೆಯರ ಮುಂದೆ ಭಾಷಣ ಮಾಡಿದ್ದೆ. ಕ್ರಾಂತಿಯ ಹೆಸರಿನಲ್ಲಿ ಮಧ್ಯಾಹ್ನದವರೆಗೆ ಮಲಗಿದ್ದೆ.

ಡೀಕನಜ್ಜ ಅವನ ಜೊತೆ ವಾದಕ್ಕಿಳಿಯಲಿಲ್ಲ. "ನಿನ್ನ ಪ್ರೊಬೇಷನ್ ಯಾವಾಗ ಮುಗೀತು?" ಅಂತ ಕೇಳಿದ. ಆತ ಬೆರಳು ಮಡಚಿ ಲೆಕ್ಕ ಹಾಕಿ, ಎರಡು ವರ್ಷದ ಹಿಂದೆ ಅಂದ. "ಹಂಗಾದ್ರೆ ಎರಡು ವರ್ಷದಿಂದ ನಿನ್ನ ಕೈಲಿ ಓಟಿದೆ, ನಿನಗೇ ಗೊತ್ತಿಲ್ಲ," ಅಂದ ಅಜ್ಜ. ಆ ಗಂಡಸು ಕನ್ನಡಿಯಲ್ಲಿ ತನ್ನ ಮುಖವನ್ನೇ ಸ್ವಲ್ಪ ಹೊತ್ತು ನೋಡಿಕೊಂಡ. ಅವತ್ತು ಅರ್ಜಿ ತುಂಬಲಿಲ್ಲ. ನಾವು ಇನ್ನೂ ಮೂರು ಸಲ ಆ ಅಂಗಡಿಗೆ ಹೋಗಬೇಕಾಯಿತು.

ಒಬ್ಬ ಗಂಡಸಿಗೆ ನಾಲ್ಕು ಭೇಟಿ. ಇದನ್ನು ನಮೂನೆಯ ಯಾವ ಕಾಲಮ್ಮಿನಲ್ಲಿ ಬರೆಯುವುದು?

ಗುಂಪು ಕೇಳುತ್ತಿದ್ದದ್ದು 20 ಸಾವಿರ ಡಾಲರು. ವರ್ಷವಿಡೀ ಸುತ್ತಿದರೆ ನೂರೈವತ್ತು ಗಂಡಸರು ಪಟ್ಟಿಗೆ ಬಂದಾರು ಅಂತ ಡೀಕನಜ್ಜನ ಲೆಕ್ಕ. ಭಾಗಿಸಿ ನೋಡಿದೆ. ತಲೆಗೆ ನೂರಮೂವತ್ತು ಡಾಲರಿಗೂ ಮೇಲೆ. ಇದನ್ನು ಬರೆದರೆ ದುಡ್ಡು ಕೊಡುವವರು ಬಾಗಿಲು ಹಾಕಿಕೊಳ್ಳುತ್ತಾರೆ ಅನ್ನಿಸಿತು. ಅರ್ಜಿ ಬರೆದು ಬರೆದು ನನಗೊಂದು ಚಾಳಿ ಬಂದಿದೆ. ಮೇಲಿನವರಿಗೆ ಏನು ಬೇಕೋ ಅದನ್ನು ವಾಸನೆಯಲ್ಲೇ ಹಿಡಿದು ಬರೆಯುವುದು. ನಾನು 2,000 ಅಂತ ಬರೆದೆ. ತಲೆಗೆ ಹತ್ತು ಡಾಲರು. ಅಂಕಿ ನೋಡಲು ಚೆನ್ನಾಗಿತ್ತು.

ಅಜ್ಜ ಕನ್ನಡಕ ಹಾಕಿಕೊಂಡು ಓದಿದ. ಪೆನ್ನು ಇಸ್ಕೊಂಡ. ಎರಡು ಸಾವಿರದ ಮೇಲೆ ಗೀಟು ಎಳೆದು 150 ಅಂತ ಬರೆದ. "ನಾನು ಹುಟ್ಟಿದ್ದು ಗ್ರೀನ್‌ವುಡ್ಡಿನಲ್ಲಿ," ಅಂದ. "ಅಲ್ಲೂ ಹಿಂಗೇ ಲೆಕ್ಕ ಹಾಕಿದ್ರು."

ಆ ಒಂದು ಮಾತು ಹಿಡಿದು ನಾನು ಲೈಬ್ರರಿಗೆ ಹೋದೆ. ಅಲ್ಲಿ ಓದಿದ್ದನ್ನು ನಿಮಗೆ ಹೇಳಬೇಕು ಗೆಳೆಯರೇ, ಇದು ಬರೀ ಅವರ ಕತೆಯಲ್ಲ.

ಅಮೆರಿಕದ ಸಂವಿಧಾನಕ್ಕೆ 15ನೇ ತಿದ್ದುಪಡಿ ಆದದ್ದು 1870ರಲ್ಲಿ. ಬಣ್ಣದ ಕಾರಣಕ್ಕೆ, ಹಿಂದೆ ಗುಲಾಮನಾಗಿದ್ದ ಕಾರಣಕ್ಕೆ ಯಾರ ಮತದ ಹಕ್ಕನ್ನೂ ಕಸಿಯಬಾರದು ಅಂತ ಅದು ಹೇಳಿತು. ಆ ಕಾಲಕ್ಕೆ ಅದು ಕಪ್ಪು ಗಂಡಸರಿಗೆ ಸಿಕ್ಕ ಓಟು. ಅದೇ ವರ್ಷ ಮಿಸಿಸಿಪ್ಪಿ ರಾಜ್ಯದಿಂದ ಹೈರಮ್ ರೆವೆಲ್ಸ್ ಅನ್ನುವ ಕಪ್ಪು ಮನುಷ್ಯ ದೇಶದ ಸೆನೆಟ್ಟಿನಲ್ಲಿ ಹೋಗಿ ಕೂತ. ಇಪ್ಪತ್ತೇ ವರ್ಷ. 1890ರಲ್ಲಿ ಅದೇ ಮಿಸಿಸಿಪ್ಪಿ ಹೊಸ ರಾಜ್ಯ ಸಂವಿಧಾನ ಬರೆದುಕೊಂಡಿತು. ಓಟಿಗೆ ಎರಡು ಡಾಲರ್ ತಲೆಗಂದಾಯ. ಸಂವಿಧಾನದ ಯಾವುದೋ ಒಂದು ಕಲಮನ್ನು ನೋಂದಣಿ ಅಧಿಕಾರಿ ತೃಪ್ತನಾಗುವ ಹಾಗೆ ವಿವರಿಸಬೇಕು ಅನ್ನುವ ನಿಯಮ. ಇಂತಿಂಥ ಅಪರಾಧ ಮಾಡಿದವನಿಗೆ ಓಟಿಲ್ಲ ಅನ್ನುವ ಪಟ್ಟಿ. ಎಲ್ಲೂ ಕಪ್ಪು ಅನ್ನುವ ಪದವೇ ಇಲ್ಲ. ನಮ್ಮಲ್ಲಿ ಹೋಟೆಲಿನ ಬೇರೆ ಲೋಟದ ಮೇಲೆ ಜಾತಿಯ ಹೆಸರು ಬರೆದಿರುತ್ತದೆಯೇ?

ಯುದ್ಧದಲ್ಲಿ ಹಿಟ್ಲರನ ವಿರುದ್ಧ ಕಾದು ಬಂದ ಮೆಡ್ಗರ್ ಎವರ್ಸ್ 1946ರಲ್ಲಿ ತಮ್ಮ ಅಣ್ಣನೊಂದಿಗೆ, ಇನ್ನೂ ಕೆಲವು ಮಾಜಿ ಸೈನಿಕರೊಂದಿಗೆ ಡೆಕಾಟೂರ್ ಎಂಬ ತಮ್ಮೂರಿನಲ್ಲಿ ಮತ ಹಾಕಲು ಹೋದರು. ಬಂದೂಕು ಹಿಡಿದ ಬಿಳಿಯರು ಅಡ್ಡ ನಿಂತು ಅಟ್ಟಿದರು. 1955ರಲ್ಲಿ ಬೆಲ್ಜೋನಿಯಲ್ಲಿ ಪಾದ್ರಿ ಜಾರ್ಜ್ ಲೀ, ಬ್ರೂಕ್‌ಹೇವನ್ನಿನಲ್ಲಿ ಲಮಾರ್ ಸ್ಮಿತ್, ಜನರನ್ನು ಓಟಿಗೆ ಎಬ್ಬಿಸಿದ್ದಕ್ಕೆ ಗುಂಡಿಗೆ ಬಲಿಯಾದರು. ಸ್ಮಿತ್ ಸತ್ತದ್ದು ಹಾಡಹಗಲಿನಲ್ಲಿ, ಕೋರ್ಟಿನ ಮುಂದಿನ ಹುಲ್ಲಿನ ಮೇಲೆ. 1963ರ ಜೂನ್ 12ರಂದು ಎವರ್ಸ್ ಅವರನ್ನೂ ಮನೆಯ ಮುಂದೆಯೇ ಕೊಂದರು.

ಈ ನೆಲಕ್ಕೆ ದುಡ್ಡು ಬಂದದ್ದು 1962ರಲ್ಲಿ. ಹಿಂದಿನ ವರ್ಷ ಕಪ್ಪು ಬಿಳಿ ಯುವಕರು ಕೂಡಿ ಬಸ್ಸುಗಳಲ್ಲಿ ಹೊರಟು, ಒದೆ ತಿಂದು, ಜೈಲು ತುಂಬಿ, ಇಡೀ ದೇಶ ಗಲಿಬಿಲಿಯಾಗಿತ್ತು. ಬೀದಿ ಹೋರಾಟಕ್ಕಿಂತ ಮತದಾರರ ನೋಂದಣಿಯ ಕಡೆ ತಿರುಗಿ ಅಂತ ಕೆನಡಿ ಸರ್ಕಾರ ಸಲಹೆ ಕೊಟ್ಟಿತು. ಟಕೋನಿಕ್, ಫೀಲ್ಡ್, ಸ್ಟರ್ನ್ ಎಂಬ ಪ್ರತಿಷ್ಠಾನಗಳು ದುಡ್ಡು ಕೊಡಲು ಒಪ್ಪಿದವು. ಅಟ್ಲಾಂಟಾದ ಸದರ್ನ್ ರೀಜನಲ್ ಕೌನ್ಸಿಲ್ ಅಡಿಯಲ್ಲಿ ವೋಟರ್ ಎಜುಕೇಷನ್ ಪ್ರಾಜೆಕ್ಟ್ ಶುರುವಾಯಿತು. ಅದರ ನಿರ್ದೇಶಕ ವೈಲಿ ಬ್ರಾಂಟನ್, ಕಪ್ಪು ವಕೀಲ, ಲಿಟ್ಲ್ ರಾಕಿನ ಒಂಬತ್ತು ಮಕ್ಕಳ ಶಾಲೆಯ ಹಕ್ಕಿಗಾಗಿ ಕೋರ್ಟಿನಲ್ಲಿ ಹೋರಾಡಿದವರು. ಹೋರಾಟವನ್ನು ತಣ್ಣಗೆ ಮಾಡಲು ಬಂದ ದುಡ್ಡು ಅಂತ ಯುವಕರಲ್ಲಿ ಕೆಲವರಿಗೆ ಗುಮಾನಿ. ಆದರೂ ತೆಗೆದುಕೊಂಡರು. ಯಾಕೆಂದರೆ ಮಿಸಿಸಿಪ್ಪಿಯಲ್ಲಿ ಓಟು ಕೇಳುವುದೇ ಬೀದಿ ಹೋರಾಟಕ್ಕಿಂತ ದೊಡ್ಡ ಹೋರಾಟ ಅನ್ನುವುದು ಅವರಿಗೆ ಗೊತ್ತಿತ್ತು. ದುಡ್ಡು ಕೊಟ್ಟವರಿಗೆ ಅದು ಆಮೇಲೆ ಗೊತ್ತಾಯಿತು.

ಗ್ರೀನ್‌ವುಡ್ ಹತ್ತಿಯ ಸೀಮೆ. ವಾರಕ್ಕೆ ಗೇಯುವ ಕಪ್ಪು ಜನ, ಭೂಮಿ ಎಲ್ಲ ಬಿಳಿಯರದ್ದು. ಚಳಿಗಾಲದಲ್ಲಿ ಕೂಲಿ ಇಲ್ಲ. ಕೇಂದ್ರ ಸರ್ಕಾರ ಕೊಡುವ ಪಡಿಯೇ ಗತಿ. ನೋಂದಣಿ ಶುರುವಾದ ಕೂಡಲೇ, 1962ರ ಅಕ್ಟೋಬರಿನಲ್ಲಿ, ಕೌಂಟಿಯ ಆಡಳಿತ ಆ ಪಡಿಯನ್ನು ನಿಲ್ಲಿಸಿಬಿಟ್ಟಿತು. ಸುಮಾರು 22 ಸಾವಿರ ಜನರ ಹೊಟ್ಟೆಯ ಮೇಲೆ ಹೊಡೆತ. ಡೀಕನಜ್ಜನಿಗೆ ಆಗ ಹತ್ತು ವರ್ಷ. "ಆ ಚಳಿಗಾಲ ನಮ್ಮವ್ವ ಮರದ ಡಬ್ಬಿಯ ತಳ ಕೆರೆಯೋ ಸದ್ದು ಈಗ್ಲೂ ಕೇಳ್ತದೆ," ಅಂದಿದ್ದ. ನನಗೆ ನಮ್ಮವ್ವ ರಾಗಿ ವಾಡೆಯ ತಳ ಕೆರೆಯುವ ಸದ್ದು ಕೇಳಿತು. ಊರ ಒಡೆಯರ ಮಾತು ಮೀರಿದರೆ ಕೂಲಿ ಬಂದ್, ಅಂಗಡಿ ಬಂದ್, ಹಿಟ್ಟಿನ ಗಿರಣಿ ಬಂದ್. ಬಹಿಷ್ಕಾರ ಅನ್ನುವ ಪದ ಅವರ ಭಾಷೆಯಲ್ಲಿ ಬೇರೆ ಇರಬಹುದು, ಹಸಿವು ಒಂದೇ.

ಆದರೆ ಜನ ಹೆದರಿ ಮನೆ ಸೇರಲಿಲ್ಲ. ಪಡಿ ಕಿತ್ತುಕೊಂಡದ್ದೇ ಅವರಿಗೆ ಓಟಿನ ಬೆಲೆ ಏನು ಅಂತ ಕಲಿಸಿಬಿಟ್ಟಿತು. ಬೇರೆ ಊರುಗಳಿಂದ ಧಾನ್ಯ, ಬಟ್ಟೆ ತರಿಸಿ ಹಂಚಿದರು. ಹಾಸ್ಯಗಾರ ಡಿಕ್ ಗ್ರೆಗೊರಿ ವಿಮಾನದಲ್ಲಿ ಆಹಾರ ಹೊರಿಸಿ ತಂದರು. ಕೋರ್ಟಿನ ಮುಂದೆ ಸಾಲು ಉದ್ದವಾಯಿತು. 1963ರ ಫೆಬ್ರವರಿ 28ರ ರಾತ್ರಿ ಮೂವರು ಹೋಗುತ್ತಿದ್ದ ಕಾರಿನ ಮೇಲೆ ಗುಂಡಿನ ಮಳೆ. ಒಳಗಿದ್ದವರು ಸಂಘಟಕ ಬಾಬ್ ಮೋಸೆಸ್, ಅನುದಾನ ಕೊಡುವ ಆ ಪ್ರಾಜೆಕ್ಟಿನವರೇ ಆದ ರಾಂಡಾಲ್ಫ್ ಬ್ಲ್ಯಾಕ್‌ವೆಲ್, ಮತ್ತು ಕಾರು ಓಡಿಸುತ್ತಿದ್ದ ಇಪ್ಪತ್ತರ ಹುಡುಗ ಜಿಮ್ಮಿ ಟ್ರಾವಿಸ್. ಗುಂಡು ಹೊಕ್ಕದ್ದು ಹುಡುಗನ ಕತ್ತಿಗೆ. ಹೇಗೋ ಬದುಕಿದ.

ಅದೇ ವರ್ಷದ ನವೆಂಬರಿನಲ್ಲಿ ಪ್ರಾಜೆಕ್ಟು ಮಿಸಿಸಿಪ್ಪಿಗೆ ಕೊಡುತ್ತಿದ್ದ ಹಣ ನಿಲ್ಲಿಸಿತು. ಕಾರಣ ಲೆಕ್ಕ. 50 ಸಾವಿರ ಡಾಲರಿನಷ್ಟು ಖರ್ಚಾಗಿತ್ತು, ಪಟ್ಟಿಗೆ ಸೇರಿದವರು ನಾಲ್ಕು ಸಾವಿರವನ್ನೂ ಮುಟ್ಟಿರಲಿಲ್ಲ. ಬೇರೆ ರಾಜ್ಯಗಳಲ್ಲಿ ಅದೇ ದುಡ್ಡಿಗೆ ಎಷ್ಟೋ ಪಟ್ಟು ಜನ ಬರುತ್ತಿದ್ದರು. ಕೇಂದ್ರ ಸರ್ಕಾರ ರಕ್ಷಣೆ ಕೊಡದೆ ಹೋದದ್ದರಿಂದ ಹೀಗಾಯಿತು ಅಂತ ಬ್ರಾಂಟನ್ ಹೇಳಿದರು. ಅವರು ಕೆಟ್ಟವರಲ್ಲ. ಕೈಯಲ್ಲಿದ್ದ ಅಳತೆಗೋಲು ಅಂಥದ್ದು. ಒಟ್ಟು ಹನ್ನೊಂದು ದಕ್ಷಿಣದ ರಾಜ್ಯಗಳಲ್ಲಿ 1964ರ ಹೊತ್ತಿಗೆ, ಹತ್ತಿರ ಹತ್ತಿರ 9 ಲಕ್ಷ ಡಾಲರ್ ಖರ್ಚಿನಲ್ಲಿ, ಸುಮಾರು 6 ಲಕ್ಷ 88 ಸಾವಿರ ಜನ ಪಟ್ಟಿಗೆ ಬಂದರು. ಇದು ಸಣ್ಣ ಕೆಲಸವೇ? ಅಲ್ಲ. ಆದರೆ ಅಳತೆಗೋಲಿನ ಪ್ರಕಾರ ಅತಿ ಹೆಚ್ಚು ನೆತ್ತರು ಹರಿದ ಜಾಗವೇ ಅತಿ ನಷ್ಟದ ಜಾಗವಾಗಿ ಕಂಡಿತು.

ಹಣ ನಿಂತ ಅದೇ ನವೆಂಬರಿನಲ್ಲಿ ಮಿಸಿಸಿಪ್ಪಿಯ ಜನ ಏನು ಮಾಡಿದರು ಗೊತ್ತೇ? ತಮ್ಮದೇ ಚುನಾವಣೆ ನಡೆಸಿದರು. ಚರ್ಚುಗಳಲ್ಲಿ, ಅಂಗಡಿಗಳಲ್ಲಿ, ಬೀದಿಯಲ್ಲಿ ಡಬ್ಬಿ ಇಟ್ಟು, ಆರನ್ ಹೆನ್ರಿಯನ್ನು ರಾಜ್ಯಪಾಲರ ಹುದ್ದೆಗೆ ನಿಲ್ಲಿಸಿ, 80 ಸಾವಿರಕ್ಕೂ ಹೆಚ್ಚು ಜನ ಲೆಕ್ಕಕ್ಕಿಲ್ಲದ ಓಟು ಹಾಕಿದರು. ಕಪ್ಪು ಜನಕ್ಕೆ ಓಟು ಬೇಕಿಲ್ಲ ಅನ್ನುವ ಸುಳ್ಳಿಗೆ ಅದು ಉತ್ತರ. ಪ್ರಾಜೆಕ್ಟಿನ ದುಡ್ಡಿನಿಂದ ಸರ್ಕಾರದ ಪಟ್ಟಿಗೆ ಹೊಸದಾಗಿ ಸೇರಿದವರು ನಾಲ್ಕು ಸಾವಿರವೂ ಇಲ್ಲ, ತಮ್ಮ ಡಬ್ಬಿಯಲ್ಲಿ ಎಂಬತ್ತು ಸಾವಿರ. ಮುಂದೆ 1965ರಲ್ಲಿ ಮತದಾನದ ಹಕ್ಕಿನ ಕಾಯಿದೆ ಬಂತು. ಅದಕ್ಕೆ ಮೊದಲು ಮಿಸಿಸಿಪ್ಪಿಯ ವಯಸ್ಕ ಕಪ್ಪು ಜನರಲ್ಲಿ ಪಟ್ಟಿಯಲ್ಲಿದ್ದವರು ನೂರಕ್ಕೆ 6.7. 1967ರ ಹೊತ್ತಿಗೆ ನೂರಕ್ಕೆ 59.8. ನಷ್ಟ ಅಂತ ಬರೆದ ಕಾಲಮ್ಮಿನಿಂದಲೇ ಈ ಬೆಳೆ ಎದ್ದದ್ದು.

ನಮ್ಮವರಿಗೆ ಪ್ಯಾಂಥರ್ ಅಂದರೆ ಮೈ ಬಿಸಿಯಾಗುತ್ತದೆ. 1972ರಲ್ಲಿ ಮುಂಬಯಿಯ ದಲಿತ ಯುವಕರು ದಲಿತ ಪ್ಯಾಂಥರ್ ಕಟ್ಟಿದರು, ಅಮೆರಿಕದ ಬ್ಲ್ಯಾಕ್ ಪ್ಯಾಂಥರಿನಿಂದ ಹೆಸರು ತಂದರು. ಅಷ್ಟು ನನಗೆ ಗೊತ್ತಿತ್ತು. ಆ ಚಿರತೆ ಮೊದಲು ಎಲ್ಲಿ ಹುಟ್ಟಿತು ಅನ್ನುವುದು ಗೊತ್ತಿರಲಿಲ್ಲ. ಅಲಬಾಮಾ ರಾಜ್ಯದ ಲೌಂಡ್ಸ್ ಕೌಂಟಿಯಲ್ಲಿ ನೂರಕ್ಕೆ ಎಂಬತ್ತರಷ್ಟು ಕಪ್ಪು ಜನ. 1965ರ ಶುರುವಿನಲ್ಲಿ ಅವರಲ್ಲಿ ಒಬ್ಬನೇ ಒಬ್ಬನ ಹೆಸರೂ ಮತದಾರರ ಪಟ್ಟಿಯಲ್ಲಿ ಇರಲಿಲ್ಲ. ಆ ಮಾರ್ಚಿನಲ್ಲಿ ಮೊದಲು ಹೆಸರು ಬರೆಸಿದ ಇಬ್ಬರಲ್ಲಿ ಜಾನ್ ಹ್ಯೂಲೆಟ್ ಒಬ್ಬ. ಹೆಸರು ಬರೆಸಿದವರನ್ನು ಒಡೆಯರು ಹೊಲಗಳಿಂದ ಎಬ್ಬಿಸಿದರು, ಜನ ಡೇರೆ ಹಾಕಿಕೊಂಡು ಚಳಿಯಲ್ಲಿ ಇದ್ದರು. ಅಲ್ಲೇ ತಮ್ಮದೊಂದು ಪಕ್ಷ ಕಟ್ಟಿದರು. ಓದು ಬಾರದ ಮತದಾರರಿಗೆ ಚಿಹ್ನೆ ಬೇಕಲ್ಲ? ಬಿಳಿಯರ ಪಕ್ಷದ್ದು ಬಿಳಿ ಹುಂಜ. ಇವರು ಕರಿ ಚಿರತೆ ಬರೆದುಕೊಂಡರು. ಅದನ್ನೇ 1966ರಲ್ಲಿ ಓಕ್ಲೆಂಡಿನ ಯುವಕರು ಎತ್ತಿಕೊಂಡರು. ಅಂದರೆ ನಾನು ಗೋಡೆಯ ಮೇಲೆ ಬಂದೂಕಿನ ಪಕ್ಕ ನೋಡಿ ರೋಮಾಂಚನಗೊಂಡಿದ್ದ ಆ ಚಿರತೆ ಮೊದಲು ಬಂದೂಕಿನ ಗುರುತಲ್ಲ, ಓಟಿನ ಗುರುತು. ಆ ವರ್ಷ ಅವರ ಅಭ್ಯರ್ಥಿಗಳೆಲ್ಲ ಸೋತರು. 1970ರಲ್ಲಿ ಅದೇ ಹ್ಯೂಲೆಟ್ ಆ ಕೌಂಟಿಯ ಶೆರಿಫ್, ಅಂದರೆ ಪೊಲೀಸರ ಮುಖ್ಯಸ್ಥ, ಆಗಿ ಗೆದ್ದ.

ನಾಚಿಕೆಯಿಂದ ತಲೆ ತಗ್ಗಿಸಿ ಲೈಬ್ರರಿಯಿಂದ ಎದ್ದು ಬಂದೆ. ಮಧ್ಯಾಹ್ನದವರೆಗೆ ಮಲಗಿದ್ದವನು ನಾನು.

ದುಡ್ಡಿನ ಕತೆ ಅಲ್ಲಿಗೆ ನಿಲ್ಲಲಿಲ್ಲ. 1967ರಲ್ಲಿ ಫೋರ್ಡ್ ಪ್ರತಿಷ್ಠಾನ ಕ್ಲೀವ್‌ಲ್ಯಾಂಡ್ ನಗರದ ಕೋರ್ ಎಂಬ ಸಂಘಟನೆಗೆ 1 ಲಕ್ಷ 75 ಸಾವಿರ ಡಾಲರು ಕೊಟ್ಟಿತು, ಅದರಲ್ಲಿ ಮತದಾರರ ನೋಂದಣಿಯೂ ಸೇರಿತ್ತು. ಆ ವರ್ಷ ಕಾರ್ಲ್ ಸ್ಟೋಕ್ಸ್ ಅಲ್ಲಿನ ಮೇಯರ್ ಆದ. ದೊಡ್ಡ ನಗರವೊಂದಕ್ಕೆ ಆಯ್ಕೆಯಾದ ಮೊದಲ ಕಪ್ಪು ಮೇಯರು. ಪಟ್ಟಭದ್ರರಿಗೆ ಉರಿ ಹತ್ತಿತು. 1969ರ ತೆರಿಗೆ ಕಾನೂನಿನಲ್ಲಿ ಒಂದು ಬೀಗ ಹಾಕಿದರು. ನೋಂದಣಿಗೆಂದೇ ಪ್ರತಿಷ್ಠಾನದ ಹಣ ಪಡೆಯುವ ಸಂಘ ಕನಿಷ್ಠ ಐದು ರಾಜ್ಯಗಳಲ್ಲಿ ಕೆಲಸ ಮಾಡುತ್ತಿರಬೇಕು, ಒಂದೇ ಚುನಾವಣೆಗೆ ಸೀಮಿತವಾಗಿರಬಾರದು, ಒಬ್ಬನೇ ದಾನಿಯಿಂದ ನೂರಕ್ಕೆ 25ಕ್ಕಿಂತ ಹೆಚ್ಚು ಪಡೆಯಬಾರದು. ಒಂದು ಕೇರಿಯ ಸಂಘ ಐದು ರಾಜ್ಯಕ್ಕೆ ಹೇಗೆ ಹೋದೀತು? ಸಣ್ಣವರು ದೊಡ್ಡವರ ನೆರಳಿನಲ್ಲೇ ನಿಲ್ಲಬೇಕಾಯಿತು. ಆ ಹಳೆಯ ಪ್ರಾಜೆಕ್ಟನ್ನು ಎಪ್ಪತ್ತರ ದಶಕದಲ್ಲಿ ಜಾನ್ ಲೂಯಿಸ್ ನಡೆಸಿದರು. 1992ರಲ್ಲಿ ಅದು ಮುಚ್ಚಿಹೋಯಿತು. ನಮ್ಮಲ್ಲೂ ವಿದೇಶಿ ದೇಣಿಗೆಯ ಕಾನೂನು ಬಂದದ್ದು 1976ರಲ್ಲಿ, ತುರ್ತು ಪರಿಸ್ಥಿತಿಯ ಒಳಗೆ. 2020ರ ತಿದ್ದುಪಡಿ, ದೊಡ್ಡ ಸಂಸ್ಥೆ ಪಡೆದ ಅಂಥ ಹಣವನ್ನು ಸಣ್ಣ ಸಂಸ್ಥೆಗೆ ದಾಟಿಸುವುದನ್ನೇ ನಿಲ್ಲಿಸಿತು. ಬೀಗ ಮಾಡುವವರು ಎಲ್ಲ ದೇಶದಲ್ಲೂ ಇದ್ದಾರೆ.

ಈಚೆಗೆ ಅನುದಾನದ ಭಾಷೆ ಬದಲಾಗಿದೆ. 2008ರಲ್ಲಿ ಓಪನ್ ಸೊಸೈಟಿ ಪ್ರತಿಷ್ಠಾನ ಕಪ್ಪು ಗಂಡಸರ ಏಳಿಗೆಗೆ ಅಂತ ಒಂದು ಅಭಿಯಾನ ತೆಗೆಯಿತು. 2011ರಲ್ಲಿ ನೈಟ್ ಪ್ರತಿಷ್ಠಾನ ಡೆಟ್ರಾಯಿಟ್, ಫಿಲಡೆಲ್ಫಿಯಾ ನಗರಗಳಲ್ಲಿ, ತಮ್ಮ ಕೇರಿಗೆ ದುಡಿಯುವ ಕಪ್ಪು ಗಂಡಸರಿಗೆ ಹಣ ಕೊಡಲು ಶುರುಮಾಡಿತು. 2014ರಲ್ಲಿ ಅಧ್ಯಕ್ಷ ಒಬಾಮಾ ಮೈ ಬ್ರದರ್ಸ್ ಕೀಪರ್ ಅಂತ ಯೋಜನೆ ತಂದರು. ಬರೀ ಗಂಡುಮಕ್ಕಳಿಗೇ ಯಾಕೆ, ನಮ್ಮ ಹೆಣ್ಣುಮಕ್ಕಳು ಎಲ್ಲಿ ಅಂತ ಸಾವಿರಕ್ಕೂ ಹೆಚ್ಚು ಹೆಂಗಸರು ಸಹಿ ಹಾಕಿ ಪತ್ರ ಬರೆದರು. ನಮ್ಮ ಚರ್ಚಿನ ಅಡಿಗೆಮನೆಯಲ್ಲೂ ಅದೇ ಪ್ರಶ್ನೆ. ಒಬ್ಬ ತಾಯಿ ಮೀನು ಕರಿಯುತ್ತಾ ಹೇಳಿದಳು: "ಗಂಡಸ್ರು ಎದ್ದೇಳ್ಲಿ ಅಂತ ದುಡ್ಡು ಬರ್ತದೆ. ಅವ್ರನ್ನ ಎಬ್ಬಿಸೋರಿಗೆ ಯಾವ ದುಡ್ಡೂ ಬರಲ್ಲ." ಅವಳ ಮಾತಿನಲ್ಲಿ ಫ್ಯಾನಿ ಲೂ ಹೇಮರ್ ಇದ್ದಳು. 1962ರ ಆಗಸ್ಟ್ 31ರಂದು ಹೆಸರು ಬರೆಸಲು ಹೋದ ತಪ್ಪಿಗೆ ಹದಿನೆಂಟು ವರ್ಷ ಗೇಯ್ದ ಹೊಲದಿಂದ ಹೊರಗೆ ಬಿದ್ದವಳು ಅವಳು, ಮರುವರ್ಷ ವಿನೋನಾದ ಜೈಲಿನಲ್ಲಿ ಏಟು ತಿಂದವಳು. ನಮ್ಮ ಸಂಘಗಳಲ್ಲೂ ಜಮಖಾನ ಹಾಸುವವರು ಯಾರು, ಮೈಕು ಹಿಡಿಯುವವರು ಯಾರು ಅಂತ ನಾವು ಕೇಳಿಕೊಳ್ಳಬೇಕು.

ಅರ್ಜಿ ಹೋಯಿತು, 150 ಅಂತಲೇ. ಪ್ರತಿಷ್ಠಾನದಿಂದ ಉತ್ತರ ಬಂತು: ಸಂಖ್ಯೆಯನ್ನು ಮರುಪರಿಶೀಲಿಸಿ. ಅಜ್ಜ ಮರುಪರಿಶೀಲಿಸಿ ಮತ್ತೆ 150 ಅಂತಲೇ ಬರೆದ. ಕಡೆಗೆ ಕೇಳಿದ್ದರಲ್ಲಿ ಮೂರರಲ್ಲಿ ಒಂದು ಪಾಲು ಬಂತು. ಉಳಿದದ್ದಕ್ಕೆ ಶುಕ್ರವಾರ ಶುಕ್ರವಾರ ಚರ್ಚಿನ ಅಂಗಳದಲ್ಲಿ ಮೀನು ಕರಿದು ಮಾರಿದರು. ನಾನು ಈರುಳ್ಳಿ ಹೆಚ್ಚಿದೆ, ಲೆಕ್ಕ ಬರೆದೆ. ಅಕ್ಟೋಬರ್ 7 ನೋಂದಣಿಗೆ ಕಡೆಯ ದಿನ. ಅವತ್ತಿಗೆ ಪಟ್ಟಿ ಸೇರಿದವರು 118 ಗಂಡಸರು. ಕ್ಷೌರದಂಗಡಿಯ ಆ ಮನುಷ್ಯ ಕಡೆಯ ವಾರ ಬಂದ.

ನವೆಂಬರ್ 5, ಮತದಾನದ ದಿನ. ಸಾಲು ಉದ್ದ ಇತ್ತು. 2021ರಲ್ಲಿ ಜಾರ್ಜಿಯಾ ಒಂದು ಕಾನೂನು ಮಾಡಿದೆ. ಹಿಂದಿನ ವರ್ಷ ಸಿರಿವಂತರ ಖಾಸಗಿ ಅನುದಾನ ಚುನಾವಣಾ ಕಚೇರಿಗಳಿಗೆ ಹರಿದುಬಂದಿತ್ತು. ಕಚೇರಿಗಳು ಅದನ್ನು ಮುಟ್ಟಬಾರದು ಅಂತ ಆ ಕಾನೂನು ಹೇಳಿತು. ಜೊತೆಗೆ ಇನ್ನೊಂದು ಹೇಳಿತು: ಮತಗಟ್ಟೆಯ ಕಟ್ಟಡದಿಂದ 150 ಅಡಿಯ ಒಳಗೆ ಸಾಲಿನಲ್ಲಿ ನಿಂತವರಿಗೆ ಯಾರೂ ಊಟವನ್ನಾಗಲಿ ನೀರನ್ನಾಗಲಿ ಕೊಡಬಾರದು.

ನೀರು ಕೊಡಬಾರದು! ಈ ಸಾಲನ್ನು ಓದಿದಾಗ ನನ್ನ ಎದೆ ಧಸಕ್ಕೆಂದಿತು. 1927ರಲ್ಲಿ ಮಹಾಡಿನ ಕೆರೆಗೆ ಬಾಬಾಸಾಹೇಬರು ಬೊಗಸೆ ಒಡ್ಡಿದ್ದು ಯಾತಕ್ಕೆ? 1946ರಲ್ಲಿ ಅವರು ಕಪ್ಪು ಜನರ ಚಿಂತಕ ಡುಬಾಯ್ಸ್ ಅವರಿಗೆ ಕಾಗದ ಬರೆದಿದ್ದರು, ಅವರ ಜನ ವಿಶ್ವಸಂಸ್ಥೆಗೆ ಕೊಡುತ್ತಿದ್ದ ಮನವಿಯ ಪ್ರತಿ ಬೇಕು ಅಂತ. ಆ ಕಾಗದ ಈ ಸಾಲಿನ ತನಕವೂ ಬಂದಿದೆ ಅನ್ನಿಸಿತು.

ಡೀಕನಜ್ಜ 150 ಅಡಿಯ ಹಗ್ಗ ಅಳೆದು ತಂದಿದ್ದ. ಗೋಡೆಯಿಂದ ಎಳೆದು, ಅದು ಮುಗಿದ ಜಾಗದಿಂದ ಒಂದು ಹೆಜ್ಜೆ ಆಚೆ ಮೇಜು ಹಾಕಿದೆವು. ಸಾಲಿನ ಬಾಲ ಅಲ್ಲಿಯವರೆಗೂ ಬಂದಿತ್ತು. ನಾನು ಬಾಟಲಿಗಳನ್ನು ಕೊಡುತ್ತಾ ನಿಂತೆ. ನನ್ನ ಕೈಯಿಂದ ನೀರು ಇಸ್ಕೊಳ್ಳುವಾಗ ಯಾರೂ ನನ್ನ ಜಾತಿ ಕೇಳಲಿಲ್ಲ. ಕ್ಷೌರದಂಗಡಿಯ ಮನುಷ್ಯ ಹೊರಗೆ ಬಂದಾಗ ನನ್ನನ್ನು ನೋಡಿ, "ಪೊಲೀಸಿನವ್ರು ನಾಳೆನೂ ನಿಲ್ಲಿಸ್ತಾರೆ," ಅಂದ. ಆಮೇಲೆ ಅಂದ, "ಶೆರಿಫ್‌ಗೂ ಓಟಿತ್ತು. ಅದನ್ನೂ ಹಾಕ್ದೆ."

ಅವತ್ತು ರಾತ್ರಿ ಊರಿಗೆ ಫೋನು ಮಾಡಿದೆ. ಅಲ್ಲಿ ಬೆಳಗಾಗಿತ್ತು. ಅಪ್ಪನನ್ನು ಕೇಳಿಯೇಬಿಟ್ಟೆ. "ಅಪ್ಪ, ಹೋದ ಸಲ ಎಲೆಕ್ಷನ್ನಲ್ಲಿ ಒಂದು ವೋಟಿಗೆ ಎಷ್ಟು ಕೊಟ್ರು?"

ಸ್ವಲ್ಪ ಹೊತ್ತು ಉಸಿರಿನ ಸದ್ದಷ್ಟೇ ಬಂತು.

"ಮೂರು ಪಾರ್ಟಿಯವ್ರೂ ಕೊಟ್ರು. ಮೂರೂ ಇಸ್ಕೊಂಡೆ. ನಮ್ಮ ಕೂಲೀಲಿ ಹಿಡ್ಕೊಂಡ ದುಡ್ಡೇ ಅಲ್ವಾ ಅದು. ಓಟು ಮಾತ್ರ ನಾನು ಹಾಕೋರ್ಗೆ ಹಾಕ್ದೆ. ನಿಮ್ಮವ್ವನ್ಗೂ ಹೇಳ್ನಿಲ್ಲ ಯಾರಿಗೆ ಅಂತ." ಆಮೇಲೆ, ಬೈಯುವ ದನಿಯಲ್ಲಲ್ಲ, ಸುಮ್ಮನೆ ಕೇಳಿದ. "ನೀ ಎಲ್ಲಿದ್ದೆ ಮೊಗ ಅವತ್ತು?"

ನನ್ನ ಬಾಯಿಂದ ಮಾತು ಹೊರಡಲಿಲ್ಲ. ದುಡ್ಡು ಇಸ್ಕೊಂಡ ಅಪ್ಪ ಸಾಲಿನಲ್ಲಿ ನಿಂತಿದ್ದ. ಇಸ್ಕೊಳ್ಳದ ನಾನು ಮಲಗಿದ್ದೆ.

ಈಗ ನಮ್ಮೂರ ಗೆಳೆಯರು ಒಂದು ಕಾಗದ ಕಳಿಸಿದ್ದಾರೆ. ನಮ್ಮ ಕೇರಿಯ ಹುಡುಗರ ಸಂಘಕ್ಕೆ ಒಂದು ಟ್ರಸ್ಟು ಹಣ ಕೊಡುತ್ತದಂತೆ. ಮತದಾರರ ಜಾಗೃತಿಗೆ. ಇಂಗ್ಲಿಷಿನಲ್ಲಿ ಅರ್ಜಿ ಬರೆದುಕೊಡು ಅಂತ ಕೇಳಿದ್ದಾರೆ. ತಗೋಬೇಕೋ ಬಾರದೋ ಅಂತ ಅವರಲ್ಲೇ ಜಗಳ. ದುಡ್ಡು ಮುಟ್ಟಿದರೆ ಮೈಲಿಗೆ ಅನ್ನುವವರು ಕೆಲವರು. ದುಡ್ಡಿಲ್ಲದೆ ಸಂಘ ಇಲ್ಲ ಅನ್ನುವವರು ಕೆಲವರು.

ನಾನು ಬರೆದುಕೊಡುತ್ತೇನೆ. ಮೈಲಿಗೆ ಅನ್ನುವ ಪದ ನಮ್ಮದಲ್ಲ, ಅದನ್ನು ಅವರಿಗೇ ಬಿಡೋಣ. ಆದರೆ ಮೂರು ಮಾತು ಬರೆದು ಕಳಿಸಿದ್ದೇನೆ. ನೂರೈವತ್ತು ಇದ್ದರೆ ನೂರೈವತ್ತು ಅಂತಲೇ ಹಾಕಿ. ಅವರ ನಮೂನೆಯಲ್ಲಿ ಕಾಲಂ ಇಲ್ಲದ್ದಕ್ಕೆ ನಮ್ಮದೇ ಒಂದು ಪುಸ್ತಕ ಇಡಿ. ಯಾರ ಮನೆಗೆ ಎಷ್ಟು ಸಲ ಹೋದಿರಿ, ಯಾರ ಕೂಲಿ ತಪ್ಪಿತು, ಯಾರು ಗ್ರಾಮಸಭೆಯಲ್ಲಿ ಎದ್ದು ನಿಂತರು, ಯಾವ ಹೆಂಗಸು ಅಡಿಗೆ ಮಾಡಿದಳು, ಎಲ್ಲಾ ಅದರಲ್ಲಿ ಬರೀರಿ. ಮೂರನೆಯದು, ಮನೆಗೆ ಒಂದು ಹಿಡಿ ರಾಗಿ ಎತ್ತುವುದನ್ನು ನಿಲ್ಲಿಸಬೇಡಿ. ಟ್ರಸ್ಟಿನ ದುಡ್ಡು ಯಾವ ನವೆಂಬರಿನಲ್ಲಾದರೂ ನಿಂತೀತು. ಆ ದಿನ ಸಂಘದ ಬಾಗಿಲು ತೆರೆದಿರಬೇಕು.

ಮುಂದಿನ ಚುನಾವಣೆಗೆ ಊರಿಗೆ ಬರುತ್ತೇನೆ ಅಂತ ಅಪ್ಪನಿಗೆ ಹೇಳಿದ್ದೇನೆ. "ಬಸ್ ಚಾರ್ಜು ಯಾರ್ ಕೊಡ್ತಾರೆ?" ಅಂತ ನಕ್ಕ.

ನಾನೇ ಕೊಟ್ಟುಕೊಳ್ಳುತ್ತೇನೆ ಅಂದೆ.